ಕೋಟಿನೊಳಗಿನ ಕಾರ್ನೆಟ್

ಮನುಷ್ಯ ಅಳಿಯುತ್ತಾನೆ, ನಾದ ಉಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಹಿರಿಯರಲ್ಲಿ ಯಾರೂ ಗ್ರಾಮಫೋನ್ ರೆಕಾರ್ಡಿನ ಮೇಲೆ ಕೂತಿರಲಿಲ್ಲವೆಂದು ಕಾಣುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಕೂತೆ. ನಾದ ನಾಲ್ಕು ಚೂರಾಯಿತು, ನಾನು ಉಳಿದೆ.

ಈ ಕಸುಬಿಗೆ ಬರುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಳೆಯ ರೆಕಾರ್ಡುಗಳಲ್ಲಿರುವ ಧ್ವನಿಯನ್ನು ಎತ್ತಿ ಕಂಪ್ಯೂಟರಿಗೆ ಇಳಿಸುವುದು ನಮ್ಮ ಕೆಲಸ. ಇಂಥದೊಂದು ಕೆಲಸ ಇದೆ ಎಂದು ಜನರನ್ನು ನಂಬಿಸುವುದೇ ಅದರ ಮೊದಲ ಕಷ್ಟ. ಶಿಕಾಗೋ ಪಕ್ಕದ ಡೌನರ್ಸ್ ಗ್ರೋವಿನ ನಮ್ಮ ಮನೆಗೆ ಹಬ್ಬದ ಊಟಕ್ಕೆ ಬಂದಿದ್ದ ಬೆಂಗಳೂರಿನ ಹುಡುಗನೊಬ್ಬ ಕೋಸಂಬರಿ ಬಡಿಸಿಕೊಳ್ಳುತ್ತ, "ಅಂಕಲ್, ನೀವು ಯಾವ ಡೊಮೇನ್‌ನಲ್ಲಿ ವರ್ಕ್ ಮಾಡ್ತಿದ್ರಿ?" ಎಂದು ಕೇಳಿದ. "ಅರಗು" ಎಂದೆ. ಅವನು ಗೌರವದಿಂದ ತಲೆಯಾಡಿಸಿ ಪಾಯಸದ ಕಡೆಗೆ ಹೋದ.

ನಾನು ಹೇಳಿದ್ದು ಸುಳ್ಳಲ್ಲ. ಆ ಕಾಲದ ರೆಕಾರ್ಡುಗಳು ಅರಗಿನವು. ಬಳೆಗೆ, ಲಕೋಟೆಯ ಮುದ್ರೆಗೆ ಬಳಸುವ ಅದೇ ಅರಗು, ನಮ್ಮ ದೇಶದ ಕಾಡುಗಳಿಂದ ಹಡಗು ಹತ್ತಿ ಬಂದದ್ದು. ಅದು ವೀಸಾದ ತಾಪತ್ರಯವಿಲ್ಲದೆ ನನಗಿಂತ ಎಷ್ಟೋ ಮೊದಲೇ ಈ ದೇಶಕ್ಕೆ ಬಂದು, ನನಗಿಂತ ಚೆನ್ನಾಗಿ ಜಾಜ್ ಕಲಿತಿತ್ತು.

ನಮ್ಮ ಅಂಗಡಿ ಡೆಸ್ ಪ್ಲೇನ್ಸಿನಲ್ಲಿ, ಏರ್‌ಪೋರ್ಟಿನ ಸರಕು ಗೋದಾಮುಗಳ ಸಾಲಿನಲ್ಲಿತ್ತು. ನಿಶ್ಶಬ್ದ ಬೇಕಾದ ಕಸುಬಿಗೆ ಇದಕ್ಕಿಂತ ಕೆಟ್ಟ ಜಾಗ ಬೇಕೆಂದರೆ ರನ್‌ವೇ ಮೇಲೆಯೇ ಹುಡುಕಬೇಕು. ಬಾಡಿಗೆ ಕಡಿಮೆ ಎಂಬುದು ಮಾಲೀಕ ಹಾಲ್ವರ್ಸನ್ನರ ವಾದ. ಎರಡು ವಿಮಾನಗಳ ನಡುವೆ ಸಿಗುವ ಮೌನದಲ್ಲಿ ನಾವು ಕೇಳಿಸಿಕೊಳ್ಳುತ್ತಿದ್ದೆವು. ವಿಮಾನ ಬಂದಾಗ ಕೈಕಟ್ಟಿ ಕೂರುತ್ತಿದ್ದೆವು. ಹೊರಗಿನಿಂದ ನೋಡಿದವರಿಗೆ ಸಂಧ್ಯಾವಂದನೆ ನಡೆಯುತ್ತಿರುವಂತೆ ಕಾಣುತ್ತಿತ್ತೇನೋ.

ಹಾಲ್ವರ್ಸನ್ ಎತ್ತರದ, ನಗದ ಮನುಷ್ಯ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ನನ್ನ ಇಂಜಿನಿಯರಿಂಗ್ ಡಿಗ್ರಿಯನ್ನು ನೋಡಲೇ ಇಲ್ಲ. ಒಂದು ರೆಕಾರ್ಡಿನ ತಟ್ಟೆ ಹಾಕಿ, ಏನು ಕೇಳಿಸಿತು ಎಂದರು. ಯಾರೋ ಒಗ್ಗರಣೆ ಹಾಕುತ್ತಿದ್ದಾರೆ, ಆಚೆ ಮನೆಯಲ್ಲಿ ಸಂಗೀತ ನಡೆಯುತ್ತಿದೆ ಎಂದೆ. ನಾಳೆ ಬಾ ಎಂದರು.

ಆ ಒಗ್ಗರಣೆಯ ಸದ್ದೇ ನನ್ನ ಮೊದಲ ದೊಡ್ಡ ಎಡವಟ್ಟಿಗೂ ಕಾರಣ. ಚರಪರ ಸದ್ದು ತೆಗೆಯುವ ಹೊಸ ಸಾಫ್ಟ್‌ವೇರ್ ಬಂದಿತ್ತು. ನಾನು ಒಂದು ತಟ್ಟೆಯನ್ನು ಎಷ್ಟು ಶುದ್ಧ ಮಾಡಿದೆನೆಂದರೆ ಹಾಡು ಕನ್ನಡಿಯಂತಾಯಿತು. ಹಾಲ್ವರ್ಸನ್ ಪೂರ್ತಿ ಕೇಳಿ, ಡ್ರಮ್ಮರ್ ಎಲ್ಲಿ ಹೋದ ಎಂದು ವಿಚಾರಿಸಿದರು. ಪಾಪ, ಅವನು ಇಡೀ ಹಾಡಿನಲ್ಲಿ ಮರದ ತುಂಡೊಂದನ್ನು ಟಕಟಕ ಬಡಿಯುತ್ತಿದ್ದನಂತೆ. ಸಾಫ್ಟ್‌ವೇರ್ ಅವನನ್ನು ಗೀರು ಎಂದು ತಿಳಿದು ಗುಡಿಸಿ ಹಾಕಿತ್ತು.

ಎರಡನೆಯ ಎಡವಟ್ಟು ಶುದ್ಧ ನಮ್ಮ ಕಡೆಯದು. ಅದನ್ನು ಮಾಡಲು ಮೈಸೂರಿನಲ್ಲೇ ಹುಟ್ಟಿರಬೇಕು. ಆ ಕಾಲದ ಯಂತ್ರಗಳು ಒಂದೊಂದು ಒಂದೊಂದು ವೇಗದಲ್ಲಿ ತಿರುಗುತ್ತಿದ್ದವು. ರೆಕಾರ್ಡನ್ನು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನದು ಎಂದು ಕರೆಯುವುದು ಒಂದು ಮರ್ಯಾದೆಯ ಮಾತಷ್ಟೆ. ತಪ್ಪು ವೇಗದಲ್ಲಿ ಹಾಕಿದರೆ ಶ್ರುತಿ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಸರಿಯಾದ ವೇಗ ಕಂಡುಹಿಡಿಯುವುದೇ ಕಸುಬಿನ ತಿರುಳು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ವಿದ್ವಾಂಸರೊಬ್ಬರ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆ ಎಂದರೆ ಜೀವಮಾನವಿಡೀ ಒಂದು ಮನೆ. ಅದು ಅವರ ಗೋತ್ರ ಇದ್ದಂತೆ. ಹಾಗಾಗಿ ಒಬ್ಬ ಟ್ರಂಬೋನ್ ವಾದಕನ ರೆಕಾರ್ಡುಗಳನ್ನೆಲ್ಲ ಹಿಡಿದು, ಅಷ್ಟನ್ನೂ ಒಂದೇ ಷಡ್ಜಕ್ಕೆ ಎಳೆದು ಕೂರಿಸಿ, ಬಹಳ ಸಂತೋಷದಿಂದ ಒಪ್ಪಿಸಿದೆ. ಅವನು ಹಾಡಿಗೊಂದು ಷಡ್ಜ ಬದಲಿಸುತ್ತಾನೆಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಹಾಲ್ವರ್ಸನ್ ಗದರಲಿಲ್ಲ. ಶ್ರುತಿ ಮನುಷ್ಯನದಲ್ಲ, ಅವನ ಕೈಯಲ್ಲಿರುವ ವಾದ್ಯದ್ದು ಎಂದು ಹೇಳಿ, ಎಲ್ಲವನ್ನೂ ಮತ್ತೆ ಮಾಡಿಸಿದರು. ಆ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ. ಬಹಳ ವರ್ಷಗಳ ಮೇಲೆ ಅದನ್ನು ಅವರಿಗೇ ವಾಪಸು ಕೊಡಬೇಕಾಗಿ ಬಂತು.

ಏಮೋಸ್ ಟಿಲ್ಮನ್ ಎಂಬ ಕಾರ್ನೆಟ್ ವಾದಕನ ವಿಷಯ ಹೇಳುತ್ತೇನೆ. ಕಾರ್ನೆಟ್ ಎಂದರೆ ತುತ್ತೂರಿಯ ಗಿಡ್ಡ ತಮ್ಮ. ಟಿಲ್ಮನ್ ದಕ್ಷಿಣದವನು, ಕಪ್ಪು ಜನಾಂಗದವನು. ಸರ್ಕಸ್ಸಿನ ಬ್ಯಾಂಡಿನಲ್ಲಿ ಊದುತ್ತ ಊರೂರು ಅಲೆದು, ರೈಲು ಹತ್ತಿ ಶಿಕಾಗೋಗೆ ಬಂದು, ಕುಣಿತದ ಹಾಲ್‌ಗಳಲ್ಲಿ ಹೆಸರು ಮಾಡಿದ. ಅವನಿಂದ ಉಳಿದಿರುವುದು ಎಂಟೇ ಹಾಡು. ಆಗ ಮೈಕ್ ಇರಲಿಲ್ಲ. ಒಂದು ದೊಡ್ಡ ತಗಡಿನ ಕೊಳವೆಯ ಮುಂದೆ ಎಲ್ಲರೂ ನಿಂತು ಊದಬೇಕು. ಇವನ ನಾದದ ರಭಸಕ್ಕೆ ಸೂಜಿ ಹಾರುತ್ತಿತ್ತೆಂದು ಇವನನ್ನು ಹಿಂದೆ, ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದರಂತೆ. ಆ ಗೋಡೆಯಿಂದ ಹೊರಟ ಸ್ವರ ಕೊಳವೆ ಹೊಕ್ಕು, ಅರಗಿನ ಮೇಲೆ ಗೀರಾಗಿ, ಅಷ್ಟು ಕಾಲದ ಮೇಲೆ ಡೆಸ್ ಪ್ಲೇನ್ಸಿನ ಗೋದಾಮಿನಲ್ಲಿ ಎದ್ದು ನಿಂತಾಗ ನನ್ನ ತೋಳಿನ ಕೂದಲು ನಿಂತದ್ದುಂಟು. ಹಾಲ್ವರ್ಸನ್ ಕೂಡ ಅವನ ರೆಕಾರ್ಡನ್ನು ಕೈಗೆತ್ತಿಕೊಳ್ಳುವ ಮೊದಲು ಟೋಪಿ ತೆಗೆದಿಡುತ್ತಿದ್ದರು. ಬೇರೆ ಯಾರಿಗೂ ತೆಗೆದದ್ದನ್ನು ನಾನು ಕಾಣೆ.

ಎಂಟರಲ್ಲಿ ಏಳು ಹಾಡು ಶಿಕಾಗೋದಲ್ಲಿ, ಪಿಯಾನೋ ಜೊತೆಗೆ ಆದವು. ಎಂಟನೆಯದು ಇಂಡಿಯಾನಾದ ಒಂದು ಸಣ್ಣ ಊರಿನ ಪೀಠೋಪಕರಣದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಆಗ ಗ್ರಾಮಫೋನ್ ಮಾರುವ ಅಂಗಡಿಗಳೂ ರೆಕಾರ್ಡು ಮಾಡುತ್ತಿದ್ದವು. ಆ ಹಾಡಿನಲ್ಲಿ ಪಿಯಾನೋ ಇಲ್ಲ. ಅಂಗಡಿಯ ಪಿಯಾನೋವನ್ನು ಅಂದು ಬೆಳಿಗ್ಗೆ ಯಾರೋ ಕೊಂಡುಕೊಂಡು ಹೋಗಿದ್ದರಂತೆ.

ಎಪ್ಪತ್ತೆಂಟರಲ್ಲಿ ಹಾಕಿದರೆ ಈ ಎಂಟನೆಯದು ಪಿಯಾನೋದ ಯಾವ ಮನೆಗೂ ಕೂರುವುದಿಲ್ಲ. ಇರಬೇಕಾದ್ದಕ್ಕಿಂತ ಅರ್ಧ ಮನೆಗೆ ಸ್ವಲ್ಪ ಕಡಿಮೆಯಷ್ಟು ಮೇಲಿರುತ್ತದೆ. ಆ ಅಂಗಡಿಯ ಬೇರೆ ರೆಕಾರ್ಡುಗಳೆಲ್ಲ ಎಪ್ಪತ್ತೆಂಟರಲ್ಲಿ ಸರಿಯಾಗಿಯೇ ಇದ್ದವು. ಆದರೂ ಅಂದು ಯಂತ್ರ ಕೆಟ್ಟಿರಬೇಕು ಎಂದು ಹಾಲ್ವರ್ಸನ್ ತಮ್ಮ ಯೌವನದಲ್ಲಿ ಲೆಕ್ಕ ಹಾಕಿ, ವೇಗ ಇಳಿಸಿ, ಶ್ರುತಿಯನ್ನು ಜಾಗಕ್ಕೆ ತಂದು ಎಲ್ಪಿ ರೆಕಾರ್ಡು ಮಾಡಿಸಿದ್ದರು. ವೇಗ ಇಷ್ಟೇ ಇಷ್ಟು ತಪ್ಪಿದರೆ ಕಿವಿಗೆ ತಪ್ಪು ಕೇಳಿಸುವುದಿಲ್ಲ. ಊದುವವನು ದಣಿದಂತೆ ಕೇಳಿಸುತ್ತದೆ. ಎಲ್ಪಿಯ ಜೊತೆಗಿನ ಲೇಖನ ಬರೆದ ಪಂಡಿತರಿಗೆ ಹಾಗೆಯೇ ಕೇಳಿಸಿತು. ಟಿಲ್ಮನ್ ಅಂದು ಕುಡಿದು ಬಂದಿದ್ದ, ಅವನ ಕಥೆ ಆಗಲೇ ಮುಗಿದಿತ್ತು ಎಂದು ಬರೆದರು. ಮುಂದೆ ಬರೆದವರೆಲ್ಲ ಅದನ್ನೇ ಎತ್ತಿ ಬರೆದರು.

ನಾನು ನಿವೃತ್ತನಾಗುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಆ ಎಂಟೂ ಹಾಡುಗಳ ಹೊಸ ಸಂಪುಟ ತಯಾರಾಗುತ್ತಿತ್ತು. ಲೇಖನ ಹಳೆಯದೇ. ಆಗ ಡೆಟ್ರಾಯಿಟಿನಿಂದ ಒಂದು ಫೋನ್ ಬಂತು. ಟಿಲ್ಮನ್ನನ ಮಗಳು, ಮಿಸ್ ರೂತ್, ಎಂಬತ್ತು ದಾಟಿದ ನಿವೃತ್ತ ನರ್ಸ್. ಮದುವೆಯಾದವರಲ್ಲ, ಬೇರೆ ಸಂಬಂಧಿಕರೂ ಉಳಿದಿಲ್ಲ. ತಂದೆ ಡೆಟ್ರಾಯಿಟಿನಲ್ಲಿ ಕಾರಿನ ಬಿಡಿಭಾಗ ಎರಕ ಹೊಯ್ಯುವ ಕೆಲಸಕ್ಕೆ ಸೇರಿದ್ದು, ಅಲ್ಲಿನ ಅಪಘಾತದಲ್ಲಿ ಮುಂದಿನ ಹಲ್ಲುಗಳು ಹೋದದ್ದು, ಹಲ್ಲಿಲ್ಲದೆ ಊದಲಾಗದೆ ಹೋದದ್ದು, ಎಲ್ಲವನ್ನೂ ಶಾಂತವಾಗಿ ಹೇಳಿದರು.

"ನನ್ನ ತಂದೆ ಕುಡೀತಿದ್ರು, ಇಲ್ಲ ಅನ್ನಲ್ಲ," ಎಂದರು. "ಆದರೆ ಆಮೇಲೆ. ಮೊದಲಲ್ಲ. ನಾನು ಹೋದ ಮೇಲೆ ಇದನ್ನ ಹೇಳೋರು ಯಾರೂ ಇರಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನಾದರೂ ಸರಿಯಾಗಿ ಬರೀರಿ."

ನಾನು ಹಾಲ್ವರ್ಸನ್ನರಿಗೆ ತಿಳಿಸಿದೆ. ಅವರು ಒಂದು ವಿಮಾನ ಹೋಗುವವರೆಗೆ ಕಾದು, ಮಗಳು ಸಾಕ್ಷಿಯಲ್ಲ ಎಂದರು. ಕಠೋರವೇ, ಆದರೆ ಕಸುಬಿನ ಮಾತು. ಅವರವರ ಮಕ್ಕಳ ಮಾತು ಕೇಳಿ ವೇಗ ಬದಲಿಸುತ್ತ ಹೋದರೆ ಚರಿತ್ರೆಯ ಕುಡುಕರೆಲ್ಲ ಸನ್ಯಾಸಿಗಳಾಗುತ್ತಾರೆ.

ಆದರೆ ಮಿಸ್ ರೂತ್ ಫೋನಿಡುವ ಮೊದಲು ಇನ್ನೊಂದು ಮಾತು ಹೇಳಿದ್ದರು: ತಂದೆಯ ಕಾರ್ನೆಟ್ ತಮ್ಮ ಬಳಿ ಇದೆ, ಕೊಳ್ಳಲು ಬರುವುದಾದರೆ ಬರಬೇಡಿ. ಹಳೆಯ ಸರ್ಕಸ್ ಬ್ಯಾಂಡುಗಳ ವಾದ್ಯಗಳು ಈಗಿನದಕ್ಕಿಂತ ಏರು ಶ್ರುತಿಯವು ಎಂದು ನನಗೆ ಕಲಿಸಿದವರು ಹಾಲ್ವರ್ಸನ್ನರೇ. ಏಳು ಹಾಡುಗಳಲ್ಲಿ ಟಿಲ್ಮನ್ ಪಿಯಾನೋಗೆ ಸೇರಿ ಊದಿದ್ದರಿಂದ ಅವನದು ಮಾಮೂಲಿ ಕಾರ್ನೆಟ್ ಎಂದು ಅವರು ಭಾವಿಸಿದ್ದರು. ನಾನು ಅವರ ಹಳೆಯ ಮಾತನ್ನೇ ಅವರ ಮುಂದಿಟ್ಟೆ: ಶ್ರುತಿ ಮನುಷ್ಯನದಲ್ಲ, ವಾದ್ಯದ್ದು ಅಂದಿದ್ದಿರಿ, ವಾದ್ಯ ಬದುಕಿದೆ, ಕೇಳಿ ಬರೋಣ. ಅವರು ಎದ್ದು ಕೋಟು ಹುಡುಕಿದರು.

ಕೇಳಲು ನಾನು ಒಯ್ದ ಉಪಕರಣ ನನ್ನ ಹೆಂಡತಿ ಶಾರದೆಯ ಶ್ರುತಿ ಪೆಟ್ಟಿಗೆ. ಅವಳು ಶನಿವಾರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. "ನನ್ನ ಪೆಟ್ಟಿಗೆ ಮುಟ್ಟಿದ್ರೆ ಶನಿವಾರದೊಳಗೆ ತಂದಿಡ್ರಿ. ಜಾಜ್ ಗೀಜ್ ಅಂತ ಶ್ರುತಿ ಕೆಡಿಸ್ಕೊಂಡು ಬಂದೀರಿ ಮತ್ತೆ," ಎಂದಳು. ರೆಕಾರ್ಡನ್ನು ಎಪ್ಪತ್ತೆಂಟರಲ್ಲಿ ಹಾಕಿ, ಹಾಡು ಬಂದು ನಿಲ್ಲುವ, ಕಾರ್ನೆಟ್ಟಿನಲ್ಲಿ ಬೆರಳೊತ್ತದೆ ಬರುವ ಸ್ವರಕ್ಕೆ ಪೆಟ್ಟಿಗೆಯನ್ನು ಕೂಡಿಸಿ, ಗುಂಡಿ ಅಲುಗದಂತೆ ಟೇಪು ಅಂಟಿಸಿದೆ. ನಾನು ದಾರಿಯಲ್ಲಿ ಮೋಸ ಮಾಡಬಾರದೆಂದು ಹಾಲ್ವರ್ಸನ್ ಆ ಟೇಪಿನ ಮೇಲೆ ಸಹಿ ಹಾಕಿದರು.

ಇನ್ನು ಊದುವವರು ಬೇಕು. ಮಿಸ್ ರೂತ್ ಒಂದು ಷರತ್ತು ಹಾಕಿದ್ದರು: ಯಾರನ್ನಾದರೂ ಕರೆತನ್ನಿ, ಸಂಗೀತಗಾರ ಬೇಡ. ತಂದೆಯ ಕಾರ್ನೆಟ್ಟಿನಲ್ಲಿ ಬೇರೆ ಯಾರೂ ಹಾಡು ನುಡಿಸಕೂಡದು. ಒಂದು ಸ್ವರ, ಅಷ್ಟೆ. ಸಂಗೀತಗಾರರು ಒಂದೇ ಸ್ವರಕ್ಕೆ ನಿಲ್ಲಿಸಿದ ಉದಾಹರಣೆ ನನಗೂ ತಿಳಿದಿಲ್ಲ. ಹೀಗಾಗಿ ಡೆಟ್ರಾಯಿಟ್ ಹತ್ತಿರದ ವಿಕ್ಸಮ್ಮಿನಲ್ಲಿರುವ ದಂತವೈದ್ಯ ಡಾಕ್ಟರ್ ಪಾಟೀಲರಿಗೆ ಫೋನ್ ಮಾಡಿದೆ. ಧಾರವಾಡದ ಕಾಲೇಜಿನಲ್ಲಿ ಅವರು ಎನ್‌ಸಿಸಿ ಬ್ಯೂಗಲ್ ಊದಿದವರು, ಮತ್ತು ಅದನ್ನು ಪ್ರತಿ ದೀಪಾವಳಿಗೂ ನೆನಪಿಸುವವರು.

"ಹಲ್ಲು ಕೀಳಂದ್ರ ಕೀಳತೇನ್ರಿ ಸರ್," ಎಂದರು ಪಾಟೀಲರು. "ಊದೂದು ಬಿಟ್ಟು ಭಾಳ ವರ್ಷ ಆತು. ಆದ್ರ ಒಂದ ಸ್ವರ ಅಂದ್ರ ನಡೀತೈತಿ. ನನಗ ಬರೂದೂ ಅದ ಒಂದು."

ಬೆಳಿಗ್ಗೆ ಬೇಗ ಹೊರಟು, ಹಿಮದ ನಡುವೆ ಮಿಷಿಗನ್ ಹೊಕ್ಕು, ವಿಕ್ಸಮ್ಮಿನಲ್ಲಿ ಪಾಟೀಲರ ಮನೆಯಲ್ಲಿ ರೊಟ್ಟಿ ತಿಂದೆವು. ಹಾಲ್ವರ್ಸನ್ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು, ಅಂಚು ಪರೀಕ್ಷಿಸಿ, ರೆಕಾರ್ಡನ್ನು ಹಿಡಿಯುವಂತೆಯೇ ಹಿಡಿದು ತಿಂದರು. ಶೇಂಗಾ ಚಟ್ನಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಅಲ್ಲಿಂದ ಪಾಟೀಲರ ವ್ಯಾನಿನಲ್ಲಿ ಡೆಟ್ರಾಯಿಟಿಗೆ ಹೋದೆವು. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ.

ಮಿಸ್ ರೂತರ ಇಟ್ಟಿಗೆ ಮನೆ ಸಣ್ಣದು, ಒಪ್ಪವಾದದ್ದು. ಮುಂದಿನ ಕೋಣೆಯೊಂದರಲ್ಲೇ ಹೀಟರ್. ಅವರು ಹಿಂಭಾಗದ ತಣ್ಣನೆಯ ಕೋಣೆಯಿಂದ ಪೆಟ್ಟಿಗೆ ತಂದು ಮೇಜಿನ ಮೇಲೆ ತೆರೆದರು. ಮಾಸಿದ ಮಖಮಲ್ಲಿನಲ್ಲಿ ಕಾರ್ನೆಟ್ ಮಲಗಿತ್ತು. ಅದರ ಪಕ್ಕದ ಗೂಡಿನಲ್ಲಿ ಒಂದು ಉದ್ದನೆಯ ಬಾಗಿದ ಕೊಳವೆ. ಹಾಲ್ವರ್ಸನ್ ಟೋಪಿ ತೆಗೆದರು. ಬಗ್ಗಿ ನೋಡಿದರು. ಉದ್ದದ ಕೊಳವೆ ಹಾಕಿದರೆ ಶ್ರುತಿ ಇಳಿದು ಪಿಯಾನೋಗೆ ಸೇರುತ್ತದೆ. ಗಿಡ್ಡದನ್ನು ಹಾಕಿದರೆ ಸರ್ಕಸ್ಸಿನ ಏರು ಶ್ರುತಿ. ಉದ್ದದ್ದು ಗೂಡಿನಲ್ಲಿತ್ತು. ಗಿಡ್ಡದ್ದು ವಾದ್ಯದಲ್ಲಿತ್ತು, ಕಿಲುಬು ಹಿಡಿದು ಅಲ್ಲೇ ಬೆಸೆದುಕೊಂಡಿತ್ತು. ಅದನ್ನು ಎಷ್ಟೋ ಕಾಲದಿಂದ ಯಾರೂ ತೆಗೆದಿರಲಿಲ್ಲ. ಹಾಲ್ವರ್ಸನ್ನರ ಕಿವಿ ಕೆಂಪಾಗಿತ್ತು, ಚಳಿಗೂ ಇರಬಹುದು.

ಪಾಟೀಲರು ಬಾಯಿಗೆ ಇಡುವ ಭಾಗವನ್ನು ತಮ್ಮ ಕ್ಲಿನಿಕ್ಕಿನ ದ್ರವದಿಂದ ಒರೆಸಿ, ದೇವರಿಗೋ ರೋಗಿಗೋ ಎನ್ನುವಂತೆ ಒಮ್ಮೆ ತಲೆಬಾಗಿ, ಊದಿದರು. ನಾನು ಶ್ರುತಿ ಪೆಟ್ಟಿಗೆ ಹಾಕಿದೆ. ಎರಡೂ ಸೇರಲಿಲ್ಲ. ಕಾರ್ನೆಟ್ ಕೆಳಗಿತ್ತು, ಬಹಳವೇ ಕೆಳಗಿತ್ತು. ಎರಡು ನಾದಗಳು ಒಂದಕ್ಕೊಂದು ಉಜ್ಜಿಕೊಂಡು ನಡುಗಿದವು. ಇದು ನಿನ್ನ ಎಪ್ಪತ್ತೆಂಟರ ಜಾಗವೂ ಅಲ್ಲ, ನನ್ನ ಎಲ್ಪಿಯ ಜಾಗವೂ ಅಲ್ಲ, ನಡುವೆ ಎಲ್ಲೋ ಇದೆ ಎಂದರು ಹಾಲ್ವರ್ಸನ್, ಸಂತೋಷವಿಲ್ಲದೆ. ಇದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದೂ ಹೇಳಿದರು.

ಮಿಸ್ ರೂತ್ ಪಾಟೀಲರ ಕೈಯಿಂದ ಕಾರ್ನೆಟ್ಟನ್ನು ತೆಗೆದುಕೊಂಡರು. ಮುಗಿಯಿತು, ಪೆಟ್ಟಿಗೆಗೆ ಇಡುತ್ತಾರೆ ಎಂದುಕೊಂಡೆ. ಅವರು ಅದನ್ನು ತಮ್ಮ ಉಣ್ಣೆಯ ಕೋಟಿನೊಳಗೆ, ಎದೆಗೆ ಒತ್ತಿ ಇಟ್ಟುಕೊಂಡು, ಗುಂಡಿ ಹಾಕಿ, ಕುರ್ಚಿಯಲ್ಲಿ ಕುಳಿತರು.

"ಚಳಿಗಾಲದ ಭಾನುವಾರ, ಚರ್ಚಿನಿಂದ ಬಂದ ಮೇಲೆ ಅಪ್ಪ ಹೀಗೆ ಮಾಡೋರು," ಎಂದರು. "ಆ ಕಿಟಕಿ ಹತ್ತಿರ ಕೂತು, ಕೋಟಿನೊಳಗೆ ಇಟ್ಕೊಂಡು ಸುಮ್ಮನೆ ಇರೋರು. ಅಮ್ಮ ಊಟಕ್ಕೆ ಕರೆದಾಗ ಹೊರಗೆ ತೆಗೆದು, ಪೆಟ್ಟಿಗೆಯಲ್ಲಿ ಇಟ್ಟುಬಿಡೋರು. ಊದಿದ್ದು ನಾನು ಒಂದು ದಿನಾನೂ ನೋಡಲಿಲ್ಲ. ಅದು ಪ್ರೀತಿ ಅಂದ್ಕೊಂಡಿದ್ದೆ."

ಹಾಲ್ವರ್ಸನ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ತಣ್ಣಗಿದ್ದರೆ ಹಿತ್ತಾಳೆಯ ಶ್ರುತಿ ಇಳಿದಿರುತ್ತೆ, ಮ್ಯಾಮ್," ಎಂದರು. "ಊದೋ ಮೊದಲು ಬೆಚ್ಚಗೆ ಮಾಡ್ಕೋಬೇಕು. ಅವರು ಶ್ರುತಿ ಮಾಡ್ಕೊಳ್ತಿದ್ರು."

"ಯಾವುದಕ್ಕೆ?" ಎಂದು ಕೇಳಿದರು ಮಿಸ್ ರೂತ್.

ಹಲ್ಲು ಕಳೆದುಕೊಂಡ ಎಷ್ಟೋ ಜನರನ್ನು ನೋಡಿದ ಪಾಟೀಲರು ಕಿಟಕಿಯ ಕಡೆಗೆ ನೋಡುತ್ತ ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಮಿಸ್ ರೂತ್ ಕೋಟಿನ ಗುಂಡಿ ಬಿಚ್ಚಿ, "ಈಗ ಆಗಿರಬೇಕು," ಎಂದು ಕಾರ್ನೆಟ್ಟನ್ನು ಕೊಟ್ಟರು. ಪಾಟೀಲರು ಎರಡೂ ಕೈಯಲ್ಲಿ ತೆಗೆದುಕೊಂಡು ಊದಿದರು. ಸ್ವರ ಮೊದಲು ಅಲುಗಾಡಿತು, ಮೆಲ್ಲಗೆ ಮೇಲೇರಿತು. ಶ್ರುತಿ ಪೆಟ್ಟಿಗೆಯ ಜೊತೆಗಿನ ನಡುಕ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಕೋಣೆಯಲ್ಲಿ ಒಂದೇ ನಾದ. ಪಾಟೀಲರ ಉಸಿರು ಮುಗಿದು ಪೆಟ್ಟಿಗೆ ಒಂದೇ ಉಳಿದಾಗಲೇ ಅಲ್ಲಿ ಎರಡಿದ್ದವು ಎಂದು ತಿಳಿದದ್ದು.

ಬದುಕಿನಲ್ಲಿ ಶ್ರುತಿ ಸೇರಿದ್ದನ್ನು ನಾನು ಬಹಳ ಸಲ ಕೇಳಿದ್ದೇನೆ, ದೊಡ್ಡ ದೊಡ್ಡ ಸಭೆಗಳಲ್ಲಿ, ದೊಡ್ಡ ದೊಡ್ಡ ತಂಬೂರಿಗಳ ಮುಂದೆ. ಧಾರವಾಡದ ದಂತವೈದ್ಯರೊಬ್ಬರು ಡೆಟ್ರಾಯಿಟಿನಲ್ಲಿ ಊದಿದ ಆ ಒಂದು ಸ್ವರದ ಮುಂದೆ ಉಳಿದುವನ್ನು ನಾನು ಇಡಲಾರೆ. ಹಾಲ್ವರ್ಸನ್ ಮುಂದೆ ಬಂದು, ಟೇಪಿನ ಮೇಲಿದ್ದ ತಮ್ಮ ಸಹಿಯನ್ನು ಬಗ್ಗಿ ನೋಡಿದರು. ಅದು ಅಲುಗಿರಲಿಲ್ಲ.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಎಂಟನೆಯ ಹಾಡನ್ನು ಎಪ್ಪತ್ತೆಂಟರ ವೇಗದಲ್ಲೇ ಹಾಕಿದೆ. ಮಿಸ್ ರೂತರ ಬಳಿ ಹಳೆಯ ಎಲ್ಪಿ ಇತ್ತು. ತಂದೆಯನ್ನು ಅವರು ಕೇಳಿದ್ದೆಲ್ಲ ಅದರಲ್ಲೇ. ಈಗ ಕಾರ್ನೆಟ್ ಎಲ್ಲರಿಗಿಂತ ಹಿಂದೆ ಗೋಡೆಗೆ ನಿಂತು, ಎಲ್ಲರಿಗಿಂತ ಮುಂದೆ ಹೋಗುತ್ತಿತ್ತು. ದಣಿವಿಲ್ಲ, ತೂರಾಟವಿಲ್ಲ. ಅವರು ಕಣ್ಣು ಮುಚ್ಚಲಿಲ್ಲ, ಅಳಲಿಲ್ಲ. ಬಸ್ಸಿನಿಂದ ಇಳಿದು ಬರುವವರನ್ನು ನೋಡುವಂತೆ ಬಾಗಿಲ ಕಡೆ ನೋಡುತ್ತಿದ್ದರು. ಮುಗಿದ ಮೇಲೆ, "ಅಪ್ಪ ನಡೀತಿದ್ದದ್ದು ಹೀಗೇ," ಎಂದರು. ಚಹಾ ಮಾಡಲು ಎದ್ದರು.

ವಾಪಸು ಬರುವಾಗ ಹಾಲ್ವರ್ಸನ್ ಇಂಡಿಯಾನಾ ಗಡಿಯಲ್ಲಿ ಕಾರು ನಿಲ್ಲಿಸಿದರು. ಅಲ್ಲಿ ಪೆಟ್ರೋಲು ಹಾಕಿಸುವಾಗ, ಆ ದಿನ ಯಂತ್ರವೂ ಸರಿಯಾಗಿತ್ತು, ಮನುಷ್ಯನೂ ಸರಿಯಾಗಿದ್ದ, ಒಂದು ಪಿಯಾನೋ ಮಾರಾಟವಾಗಿ ಉದ್ದದ ಕೊಳವೆಗೆ ಕೆಲಸವಿಲ್ಲದಾಗಿತ್ತು ಅಷ್ಟೆ ಎಂದರು. ಹೊಸ ಸಂಪುಟಕ್ಕೆ ಒಂದು ಪುಟದ ಟಿಪ್ಪಣಿಯನ್ನು ತಾವೇ ಬರೆಯುವುದಾಗಿಯೂ, ಹಳೆಯ ವೇಗ ಯಾರದೆಂದು ಅದರಲ್ಲಿ ಹೆಸರು ಹಾಕುವುದಾಗಿಯೂ ತಿಳಿಸಿದರು. ಶ್ರುತಿ ಪೆಟ್ಟಿಗೆ ಶನಿವಾರದೊಳಗೆ ಮನೆ ಸೇರಿತು. ಟೇಪು ಕಿತ್ತದ್ದಕ್ಕೆ ಗುಂಡಿಯ ಬಣ್ಣ ಹೋಗಿದೆ ಎಂದು ಶಾರದೆ ಈಗಲೂ ತೋರಿಸುತ್ತಾಳೆ.

ಈಗಿನ ಸಾಫ್ಟ್‌ವೇರುಗಳು ಯಾವ ರೆಕಾರ್ಡು ಕೊಟ್ಟರೂ ಕ್ಷಣದಲ್ಲಿ ಶ್ರುತಿ ಅಳೆದು ಇಂದಿನ ಅಳತೆಗೆ ಎಳೆದು ಕೂರಿಸುತ್ತವೆ. ಬಹಳ ಸಂತೋಷದಿಂದ ಒಪ್ಪಿಸುತ್ತವೆ. ಆ ಸಂತೋಷ ನನಗೆ ಪರಿಚಯದ್ದು. ಹೊಸಬರು ಅದರ ಮಾತು ಕೇಳಲಿ, ಬೇಡ ಎನ್ನುವುದಿಲ್ಲ; ಆದರೆ ಒಪ್ಪುವ ಮೊದಲು ವಾದ್ಯ ಎಲ್ಲಿದೆ, ಬೆಚ್ಚಗಿದೆಯೇ ಎಂದು ವಿಚಾರಿಸಲಿ.

ಸಂಪುಟ ಮರುವರ್ಷ ಹೊರಬಂತು. ಎಂಟನೆಯ ಹಾಡು ಎಪ್ಪತ್ತೆಂಟರಲ್ಲಿದೆ, ಹಳೆಯ ಎಲ್ಪಿಯದಕ್ಕಿಂತ ಏಳು ಸೆಕೆಂಡು ಚಿಕ್ಕದು. ಜೊತೆಗಿನ ಪುಸ್ತಿಕೆಯಲ್ಲಿ ಕುಡಿತದ ಮಾತು ಇಲ್ಲ.